ಕೈಕೆಳಗೆ ಯಾರೂ ಇಲ್ಲದ ಮೇಲ್ವಿಚಾರಕಿ

ಮೊನ್ನೆ ಆಲೂರು ಕಡೆ ತಂಗಿ ಮನೆಗೆ ಹೋದವನು ಸಂಜೆ ಹೊತ್ತು ಕಳೆಯೋಕೆ ಅಲ್ಲಿನ ಪಂಚಾಯಿತಿ ಲೈಬ್ರರಿಗೆ ನುಗ್ಗಿದೆ. ಹಾಸನದಲ್ಲಿ ಮೂವತ್ತು ವರ್ಷ ಲೈಬ್ರರಿ ಕೌಂಟರಿನ ಹಿಂದೆ ಕೂತವನು ನಾನು. ರಿಟೈರ್ ಆದರೂ ಚಟ ಬಿಟ್ಟಿಲ್ಲ.

ಹೊರಗೆ 'ಅರಿವು ಕೇಂದ್ರ' ಅಂತ ಹೊಸ ಬೋರ್ಡು. ಒಳಗೆ ಪೊರಕೆ ಹಿಡಿದಿದ್ದ ಹೆಣ್ಣುಮಗಳು ಅದನ್ನು ಬಾಗಿಲ ಹಿಂದಿಟ್ಟು, 'ಬನ್ನಿ ಸರ್, ಪೇಪರ್ ಬೇಕಿತ್ತಾ?' ಅಂದರು. ಅವರೇ ಗ್ರಂಥಾಲಯ ಮೇಲ್ವಿಚಾರಕಿ. ಯಾರ ಮೇಲೆ ವಿಚಾರಣೆ ನಡೆಸಬೇಕೋ ಆ ಹೆಸರಿಟ್ಟವರಿಗೇ ಗೊತ್ತು. ಕಸ ಗುಡಿಸೋದು, ಪೇಪರ್ ಜೋಡಿಸೋದು, ರಿಜಿಸ್ಟರ್ ಬರೆಯೋದು, ಸ್ಕೂಲ್ ಬಿಟ್ಟ ಮಕ್ಕಳನ್ನು ಸುಮ್ಮನಿರಿಸೋದು ಎಲ್ಲ ಅವರೇ. ನಡುವೆ ಪಂಚಾಯಿತಿಯವರು ಕೂಗಿದರೆ ಅಲ್ಲಿಗೂ ಓಡಬೇಕು.

ಗೋಡೆ ಮೇಲೆ ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಫೋಟೊ, ಗ್ರಂಥಪಾಲಕರ ದಿನ ಅಂತ ಆಗಸ್ಟ್ 12ಕ್ಕೆ ಹಾಕಿದ್ದ ಹಾರ ಒಣಗಿ ಅಲ್ಲೇ ಇತ್ತು. ಅದರ ಕೆಳಗೆ ಎರಡು ಬೀರು. ಎರಡಕ್ಕೂ ಬೀಗ. 1931ರಲ್ಲಿ ಅವರು ಬರೆದ ಗ್ರಂಥಾಲಯದ ಪಂಚಸೂತ್ರಗಳಲ್ಲಿ ಮೊದಲನೆಯದೇ 'ಪುಸ್ತಕ ಇರುವುದು ಬಳಕೆಗೆ' ಅಂತ. ಪಾಪ, ಅವರ ಕಾಲ ಬುಡದಲ್ಲೇ ಬೀಗ.

'ಯಾಕಮ್ಮಾ ಬೀಗ?'

'ಒಂದು ಕಳೆದ್ರೂ ನಾನೇ ಕಟ್ಟಿಕೊಡಬೇಕಂತೆ ಸರ್.'

ಯಾರು ಹೇಳಿದ್ದು ಅಂತ ಕೇಳಿದರೆ, 'ಹಂಗಂತಾರೆ.'

ಈ 'ಹಂಗಂತಾರೆ' ಎಲ್ಲಿಂದ ಬರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಟಾಕ್ ವೆರಿಫಿಕೇಷನ್ ಮಾಡುವಾಗ ಒಂದು ಪುಸ್ತಕ ಸಿಗಲಿಲ್ಲ. ನಮ್ಮ ಲೈಬ್ರೇರಿಯನ್ ಓದಿಕೊಂಡವರು, ಕೆಟ್ಟವರೇನಲ್ಲ. ಆದರೆ ಮೇಲಿನವರಿಗೆ ಉತ್ತರ ಕೊಡಬೇಕಲ್ಲ. ರ‍್ಯಾಕ್ ನೋಡಿಕೊಳ್ಳುತ್ತಿದ್ದ ಅಟೆಂಡರ್ ಸಂಬಳದಲ್ಲಿ 45 ರೂಪಾಯಿ ಹಿಡಿದರು. ಎರಡು ವರ್ಷ ಆದಮೇಲೆ ವಿಶ್ವಕೋಶಗಳ ಹಿಂದೆ ಬಿದ್ದಿದ್ದ ಆ ಪುಸ್ತಕ ನನ್ನ ಕೈಗೇ ಸಿಕ್ಕಿತು. ಅಲ್ಲಿ ಇಟ್ಟವನೂ ನಾನೇ. ಒರೆಸಿ ಅದರ ಜಾಗಕ್ಕೆ ಸೇರಿಸಿದೆ, ಬಾಯಿ ಬಿಡಲಿಲ್ಲ. ದುಡ್ಡು ಕಟ್ಟಿದ ಮೇಲೆ ಆ ಮನುಷ್ಯ ರ‍್ಯಾಕ್ ಹತ್ತಿರ ಒಬ್ಬರನ್ನೂ ಬಿಡಲಿಲ್ಲ. 'ಏನ್ ಬೇಕು ಹೇಳಿ, ನಾನೇ ತಂದುಕೊಡ್ತೀನಿ' ಅನ್ನೋನು. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಕೇಳೋದು ಹೇಗೆ? ಹುಡುಗರು ಪೇಪರ್ ತಿರುವಿ ಎದ್ದು ಹೋಗುತ್ತಿದ್ದರು. ಓದುಗರಿಲ್ಲ ಅಂತ ನಾವು ವರದಿ ಬರೆಯುತ್ತಿದ್ದೆವು.

ಲೈಬ್ರರಿ ಅಂದಮೇಲೆ ನಾಲ್ಕು ಪುಸ್ತಕ ಕಳೆಯುತ್ತೆ. ಸರ್ಕಾರಕ್ಕೂ ಇದು ಗೊತ್ತಿಲ್ಲದ್ದೇನಲ್ಲ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲೇ ಇದೆ: ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇರಬಾರದು ಅಷ್ಟೇ. 1000 ರೂಪಾಯಿಗಿಂತ ಹೆಚ್ಚು ಬೆಲೆಯದ್ದು, ಅಪರೂಪದ್ದು ಹೋದರೆ ಮಾತ್ರ ತನಿಖೆ ಆಗಲೇಬೇಕು. ಅದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ, ಆಲೂರಿನ ಹಳ್ಳಿಗಲ್ಲ, ಒಪ್ಪುತ್ತೇನೆ. ಡೆಲ್ಲಿಯಲ್ಲಿ ಕಳೆದರೆ ಸಹಜ, ಇಲ್ಲಿ ಕಳೆದರೆ ಈ ಹೆಣ್ಣುಮಗಳ ಗೌರವಧನಕ್ಕೆ ಕತ್ತರಿ ಅನ್ನೋದು ಯಾವ ನ್ಯಾಯ?

2019ರಲ್ಲಿ ಹಳ್ಳಿ ಲೈಬ್ರರಿಗಳು ನಮ್ಮ ಗ್ರಂಥಾಲಯ ಇಲಾಖೆ ಬಿಟ್ಟು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಎಷ್ಟೋ ಕಡೆ ಸುಣ್ಣಬಣ್ಣ ಬಂತು, ಕಂಪ್ಯೂಟರ್ ಬಂತು, ಮಕ್ಕಳು ಬಂದರು. ಮನೆ ಕಂದಾಯದ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುವ ಊರಿನವರಿಗೆ ಅಷ್ಟಾದರೂ ಸಿಗಲಿ. ನನ್ನ ತಕರಾರು ಬೇರೆ. ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಿಂದ ಬೈಯೋಕಾದರೂ ಒಬ್ಬರು ಬರುತ್ತಿದ್ದರು. ಬೈದು, ಟೀ ಕುಡಿದು, ಹರಿದ ಪುಸ್ತಕವನ್ನು ಲೆಕ್ಕದಿಂದ ತೆಗೆಯೋದು ಹೇಗೆ ಅಂತ ಹೇಳಿಕೊಟ್ಟು ಹೋಗುತ್ತಿದ್ದರು. ಈಗ ಇವರಿಗೆ ಮೇಲಧಿಕಾರಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಉದ್ಯೋಗ ಖಾತರಿ, ಕುಡಿಯುವ ನೀರು, ಕಂದಾಯ ವಸೂಲಿ ಅಂತ ಅವರ ತಲೆ ಮೇಲೇ ಬೆಟ್ಟ ಇದೆ. ಅವರು ಪುಸ್ತಕ ಎಣಿಸಬಲ್ಲರು, ಮೇಜು ಕುರ್ಚಿ ಎಣಿಸಿದ ಹಾಗೆ. ಸವೆದ ಪುಸ್ತಕ ಅಂದರೆ ಹತ್ತಾರು ಜನ ಓದಿದ ಪುಸ್ತಕ ಅಂತ ಅವರಿಗೆ ಹೇಳೋರು ಯಾರು? ಇತ್ತ ಹೇಳಬಲ್ಲವರು ಹಾಸನದಲ್ಲಿ ಬಿಲ್ಲು, ಫೈಲಿನ ನಡುವೆ ಕೂತಿದ್ದಾರೆ. ಅವರನ್ನು ಕೇಳಿದರೆ 'ಅದು ಈಗ ನಮ್ಮದಲ್ಲ ಸಾರ್' ಅಂತಾರೆ. ಮೂರು ತಿಂಗಳಿಗೊಮ್ಮೆ ಒಬ್ಬ ಅನುಭವಸ್ಥ ಲೈಬ್ರೇರಿಯನ್ ಹಳ್ಳಿಗಳಿಗೆ ಹೋಗಿ ಇವರ ಪಕ್ಕ ಅರ್ಧ ದಿನ ಕೂತು ಬರಲಿ ಅಂತ ಎರಡು ಇಲಾಖೆಯವರೂ ಸೇರಿ ಆದೇಶ ಮಾಡೋಕೆ ಏನು ಕಷ್ಟ?

ಆ ಹೆಣ್ಣುಮಗಳಿಗೆ 1000ಕ್ಕೆ 5ರ ವಿಷಯ ಹೇಳಿದೆ, ಕೇಂದ್ರದ್ದು ಅಂತಾನೂ ಹೇಳಿದೆ. ರಿಜಿಸ್ಟರಿನ ಕೊನೆ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡರು. ಆಮೇಲೆ ಬೀಗದ ಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿದರು, 'ಇದನ್ನೇ ಒಂದು ಹಾಳೆ ಮೇಲೆ ಬರೆದು, ಸೀಲ್ ಹಾಕಿ ಕೊಡ್ತೀರಾ ಸರ್?'

ನನ್ನ ಹತ್ತಿರ ಈಗ ಸೀಲ್ ಇಲ್ಲ.