ನಮ್ಮ ಮನೆಯ ಹಿಂದಿನ ಬಾಗಿಲು

ಹೋದ ಭಾನುವಾರ ಮನೆಯವರ ವಾಟ್ಸಾಪ್ ಗ್ರೂಪಿಗೆ ನಾಲ್ಕು ಫೋಟೊ ಹಾಕಿದೆ. ಹತ್ತು ನಿಮಿಷಕ್ಕೆ ಮೈಸೂರಿನಿಂದ ಅಕ್ಕನ ಫೋನು. "ಏನೋ ಇದು? ಊಟದ ಹೊತ್ತಿಗೆ ಕಕ್ಕಸಿನ ಫೋಟೊ ಹಾಕ್ತಾರೇನೋ? ಸೋದರತ್ತೇನೂ ಇದಾರೆ ಗ್ರೂಪಲ್ಲಿ. ಮೊದಲು ತೆಗಿ." ತೆಗೆಯಲಿಲ್ಲ. ಆದರೆ ಆ ಮಾತು ಚುಚ್ಚಿತು, ಇನ್ನೂ ಚುಚ್ಚುತ್ತಿದೆ.

ನಾನು ಹೋಗಿದ್ದು ಇಲ್ಲೇ ದೆಹಲಿಯ ಮಹಾವೀರ್ ಎನ್‌ಕ್ಲೇವ್‌ನಲ್ಲಿರುವ ಸುಲಭ್ ಶೌಚಾಲಯ ಮ್ಯೂಸಿಯಂಗೆ. ಪಕ್ಕದ ದ್ವಾರಕಾದಲ್ಲೇ ಇಪ್ಪತ್ತೆರಡು ವರ್ಷದಿಂದ ಇದ್ದರೂ ಒಳಗೆ ಕಾಲಿಟ್ಟದ್ದು ಇದೇ ಮೊದಲು. 1970ರಲ್ಲಿ, ಊರೂರಲ್ಲಿ ಸಾರ್ವಜನಿಕ ಶೌಚಾಲಯ ನಡೆಸುವ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ ಅವರು 1992ರಲ್ಲಿ ಶುರುಮಾಡಿದ್ದು ಇದು. ಹರಪ್ಪ ಕಾಲದ ಇಟ್ಟಿಗೆ ಚರಂಡಿಯಿಂದ ಹಿಡಿದು, ನಾತ ಮೇಲೆ ಬರದಂತೆ ನೀರು ನಿಲ್ಲಿಸುವ ಬಾಗಿದ ಕೊಳವೆಗೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್‌ವರೆಗಿನ ಕಥೆ ಅಲ್ಲಿದೆ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಸಿಂಹಾಸನದ ಮಾದರಿಯೂ ಇದೆ. ಕೂರುವ ಜಾಗದಲ್ಲೇ ತೂತು.

ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಹೊರಗಡೆ, ಎರಡು ಗುಂಡಿಯ ಕಕ್ಕಸಿನ ಮಾದರಿಯ ಹತ್ತಿರ. ಒಂದು ಗುಂಡಿ ತುಂಬಿದರೆ ನೀರಿನ ದಾರಿಯನ್ನು ಇನ್ನೊಂದಕ್ಕೆ ತಿರುಗಿಸುತ್ತಾರೆ. ಮೊದಲನೆಯದನ್ನು ಮುಚ್ಚಿಟ್ಟರೆ ಎರಡು ವರ್ಷದಲ್ಲಿ ಒಳಗಿದ್ದದ್ದು ಒಣಗಿ ಗೊಬ್ಬರವಾಗುತ್ತದೆ. ಯಾರೂ ಮಲ ಬಾಚಬೇಕಿಲ್ಲ, ಹೊರಬೇಕಿಲ್ಲ. ತೋರಿಸುತ್ತಿದ್ದ ಹುಡುಗ ಹಾಗೆ ಒಣಗಿದ ಒಂದು ಉಂಡೆಯನ್ನು ನನ್ನ ಅಂಗೈಗಿಟ್ಟ. ಹಗುರ, ಪುಡಿಪುಡಿ, ವಾಸನೆಯೇ ಇಲ್ಲ. ಪಕ್ಕದಲ್ಲಿದ್ದ ಸ್ಕೂಲು ಹುಡುಗಿಯರು ತಾವೂ ಮುಟ್ಟಿದರು, ಒಂದರ ಮೇಲೊಂದು ಪ್ರಶ್ನೆ ಕೇಳಿದರು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಬ್ಬಳೂ ಮೂಗು ಮುಚ್ಚಲಿಲ್ಲ.

ನನಗೆ ಹೊಟ್ಟೆಕಿಚ್ಚಾದದ್ದು ಅಲ್ಲಿ. ಇಲ್ಲಿನವರು ಬಸ್‌ಸ್ಟ್ಯಾಂಡಿನಲ್ಲಿ "ಸುಲಭ್ ಎಲ್ಲಿದೆ?" ಎಂದು ಗಟ್ಟಿಯಾಗಿ ಕೇಳುತ್ತಾರೆ. ನಮ್ಮಲ್ಲಿ ದೊಡ್ಡವರು "ಹಿತ್ತಲಿಗೆ ಹೋಗಿದಾರೆ", ಮಕ್ಕಳು ಸ್ಕೂಲಿನಲ್ಲಿ ಎರಡು ಬೆರಳು ಎತ್ತಬೇಕು. ಬೀಗರು ಬಂದರೆ "ಕೈಕಾಲು ತೊಳ್ಕೊಳ್ಳಿ" ಅಂದರೆ ಅವರಿಗೆ ಅರ್ಥವಾಗಬೇಕು. ನಮ್ಮ ಅಮ್ಮ ದೂರದ ಮದುವೆಗೆ ಹೊರಟರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಿದ್ದಳು. ಅಲ್ಲಿ ಕೇಳುವುದು ಹೇಗೆ ಎನ್ನುವ ಸಂಕೋಚ. ಇದನ್ನು ಮಡಿ, ಮರ್ಯಾದೆ ಅಂತೆಲ್ಲ ಕರೆದುಕೊಂಡೆವು. ನನಗೀಗ ಅದು ಬರೀ ಬಾಯಿ ಕಟ್ಟುವ ಕೆಲಸ ಅನಿಸುತ್ತದೆ.

ಬಾಯಿ ಕಟ್ಟಿಕೊಂಡಿದ್ದರಿಂದ ಮರೆತದ್ದು ಯಾರನ್ನು? ಮೈಸೂರಿನ ಅಗ್ರಹಾರದ ನಮ್ಮ ಮನೆಯ ಕಕ್ಕಸಿಗೆ ಕನ್ಸರ್ವೆನ್ಸಿ ಗಲ್ಲಿಯ ಕಡೆ, ಅಂದರೆ ಮಲ ಬಾಚುವವರು ಓಡಾಡಲೆಂದು ಮನೆಗಳ ಹಿಂದೆ ಬಿಟ್ಟಿದ್ದ ಓಣಿಯ ಕಡೆ, ಮೊಣಕಾಲೆತ್ತರದ ಒಂದು ತಗಡಿನ ಬಾಗಿಲಿತ್ತು. ದಿನಾ ಬೆಳಗಿನ ಜಾವ ಅದು ಕಿರ್ರೆನ್ನುತ್ತಿತ್ತು, ಬಕೆಟ್ಟು ಕೆರೆಯುವ ಸದ್ದು ಕೇಳುತ್ತಿತ್ತು. ಒಬ್ಬಳು ಹೆಂಗಸು ಬರುತ್ತಿದ್ದಳು. ಹಬ್ಬದ ದಿನ ಅಜ್ಜಿ ಅವಳ ಸೆರಗಿಗೆ ಮೇಲಿನಿಂದ ಒಬ್ಬಟ್ಟು ಹಾಕುತ್ತಿದ್ದರು. ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಠಕರು ಚಿಕ್ಕವರಿದ್ದಾಗ ಅಂಥ ಒಬ್ಬ ಹೆಂಗಸನ್ನು ಮುಟ್ಟಿದರೆಂದು ಅವರ ಅಜ್ಜಿ ಸಗಣಿ, ಗಂಗಾಜಲ ನುಂಗಿಸಿದ್ದರಂತೆ. ಇದನ್ನು ಅವರು ಬದುಕಿರುವವರೆಗೂ ಹೇಳಿಕೊಂಡು ಬಂದರು. ಹಾಗೆ ಬಾಯಿಬಿಟ್ಟದ್ದೇ ದೊಡ್ಡದು. ನಾವು ನಮ್ಮ ಅಜ್ಜಿಯ ಒಬ್ಬಟ್ಟಿನ ರುಚಿ ಮಾತ್ರ ಹೇಳುತ್ತೇವೆ.

ಇಷ್ಟನ್ನೂ ಅಕ್ಕನಿಗೆ ಫೋನಿನಲ್ಲೇ ಹೇಳಿದೆ, ದನಿ ಸ್ವಲ್ಪ ಏರಿಸಿಯೇ. ಅವಳು ಸುಮ್ಮನಿದ್ದು ಆಮೇಲೆ ಅಂದಳು: "ನಿಮ್ಮ ದೆಹಲಿನ ಹೊಗಳಿದ್ದು ಸಾಕು. ಆ ಬಾಗಿಲು ಮುಚ್ಚಿಸಿದ್ದು ಯಾರು, ಮರೆತ್ಯಾ? ಬಸವಲಿಂಗಪ್ಪನೋರು ಅಲ್ವೇನೋ?"

ಹೌದು. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದ ಮೊದಲಲ್ಲೇ ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ದೆಹಲಿಯ ಪಾರ್ಲಿಮೆಂಟು ಕಾನೂನು ಮಾಡಿದ್ದು 1993ರಲ್ಲಿ. ಈ ಕೆಲಸದ ವಿರುದ್ಧ ದೇಶವಿಡೀ ಓಡಾಡಿ, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರದ ಕೆಜಿಎಫ್‌ನಲ್ಲಿ. ಇಷ್ಟು ದೊಡ್ಡ ಮ್ಯೂಸಿಯಂ ಇರುವ ಇದೇ ದೆಹಲಿಯಲ್ಲಿ ಇವತ್ತಿಗೂ ಒಳಚರಂಡಿಗಿಳಿದವರು ಉಸಿರುಕಟ್ಟಿ ಸಾಯುತ್ತಾರೆ. ಇದನ್ನೆಲ್ಲ ಒಪ್ಪಲೇಬೇಕು, ಒಪ್ಪುತ್ತೇನೆ.

ಆದರೂ 2010ರಲ್ಲಿ ಸವಣೂರಿನಲ್ಲಿ, ಮಲ ಹೊರುವ ಕೆಲಸಕ್ಕೇ ಕಟ್ಟಿಹಾಕಿದ್ದ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿ ನಿಂತಾಗ ತಾನೇ ನಾಡು ಕಣ್ಣುಬಿಟ್ಟದ್ದು? ಬಸವಲಿಂಗಪ್ಪನವರು ಮಾಡಿದ್ದನ್ನು ಮಕ್ಕಳಿಗೆ ತೋರಿಸಲು ರೈಲ್ವೆ ಮ್ಯೂಸಿಯಂ ಇರುವ ನಮ್ಮ ಮೈಸೂರಿನಲ್ಲಿ ಒಂದು ಕೋಣೆಯಾದರೂ ಬೇಡವೇ? ಅಕ್ಕ ಇದಕ್ಕೆ ಏನೂ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ತಮ್ಮ ಹಳೇ ಮನೆ ಕೆಡವಿಸುತ್ತಿದ್ದಾನೆ. ಆ ತಗಡಿನ ಬಾಗಿಲು ಈಗಲೂ ಅಲ್ಲೇ ಇದೆ, ಗಲ್ಲಿಯಲ್ಲಿ ನಿಲ್ಲಿಸುವ ಸ್ಕೂಟರುಗಳ ಹಿಂದೆ, ಒಳಗಿನಿಂದ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಗುಜರಿಗೆ ಹಾಕಬೇಡ, ನಾನು ಬರುವ ತನಕ ಹಾಗೇ ಇಟ್ಟಿರು ಎಂದು ಅವನಿಗೆ ಹೇಳಿದ್ದೇನೆ.