ಕೇಳಿದ್ದು ಎರಡೇ ಅಳತೆ, ಅದಕ್ಕೂ ಬರ

ಶಾಕ್ ಅಬ್ಸಾರ್ಬರ್ ಮಾರುವವರೇ, ಒಂದು ಪ್ರಶ್ನೆ. ಪೂರ್ತಿ ಒತ್ತಿದಾಗ ಅದರ ಉದ್ದ ಎಷ್ಟು? ಪೂರ್ತಿ ಎಳೆದಾಗ ಎಷ್ಟು? ಅಷ್ಟೇ. ಎರಡು ಸಂಖ್ಯೆ, ಮಿಲಿಮೀಟರ್‌ನಲ್ಲಿ. ಇದನ್ನು ಹೇಳೋಕೆ ನಿಮಗೇನು ರೋಗ ಸ್ವಾಮಿ?

ಬಣ್ಣ ಮಾತ್ರ ಹೇಳುತ್ತಾರೆ. ಧೂಳು ಕೂರದಿರಲಿ ಅಂತ ಹಾಕುವ ರಬ್ಬರ್ ಬೂಟು ಕೆಂಪು ಬೇಕಾ, ಹಳದಿ ಬೇಕಾ, ಕಪ್ಪು ಬೇಕಾ ಅಂತ ಆರಿಸಿಕೊಳ್ಳುವುದಕ್ಕೆ ವ್ಯವಸ್ಥೆ ಇದೆ. ಬಂಡೆ ಹತ್ತುತ್ತಿರುವ ಗಾಡಿಯ ಫೋಟೋ ಇದೆ, ಅದೂ ಬೇರೆ ಯಾವುದೋ ಗಾಡಿ. ಅಳತೆ ಅಂತ ಹುಡುಕಿದರೆ ಕೊನೆಯಲ್ಲಿ ಒಂದು ಕಡೆ ಸಿಗುತ್ತದೆ. ಏನದು? ಪಾರ್ಸೆಲ್ ಡಬ್ಬದ ಉದ್ದ, ಅಗಲ, ಎತ್ತರ! ಡಬ್ಬ ಅಳೆಯೋಕೆ ಟೇಪ್ ಇದೆ, ಒಳಗಿರುವ ಸಾಮಾನು ಅಳೆಯೋಕೆ ಇಲ್ಲ. ಡಬ್ಬವನ್ನೇ ಆಕ್ಸಲ್‌ಗೆ ಕಟ್ಟಿಕೊಂಡು ಓಡಿಸಲಾ ನಾನು?

ಗಾಡಿ ಯಾವುದು ಅಂದರೆ, ಮೊದಲ ತಲೆಮಾರಿನ ಸುಜುಕಿ ವಿಟಾರಾ, ಮೂರು ಬಾಗಿಲಿನದು. 1988ರಲ್ಲಿ ಜಪಾನಿನಲ್ಲಿ ಎಸ್ಕುಡೊ ಅಂತ ಶುರುವಾಗಿ, ಒಂದು ಕಡೆ ಸೈಡ್‌ಕಿಕ್, ಇನ್ನೊಂದು ಕಡೆ ಟ್ರ್ಯಾಕರ್ ಅಂತ ಹೆಸರು ಬದಲಿಸಿಕೊಂಡು ಓಡಾಡಿದ ಗಾಡಿ. ಒಂದು ಟನ್ ಆಸುಪಾಸು ತೂಕ. ಚಿಕ್ಕದು, ಆದರೆ ಕೆಳಗೆ ಏಣಿಯಂಥ ಲ್ಯಾಡರ್ ಫ್ರೇಮ್ ಇದೆ, ಕಡಿದಾದ ಜಾಗಕ್ಕೆ ಲೋ ರೇಂಜ್ ಗೇರ್ ಇದೆ, ಕೆಲಸಕ್ಕೆ ಗಟ್ಟಿ. ಹಿಂದಿನ ಮಾಲೀಕರು ಗಾಡಿಯನ್ನು ಎರಡು ಇಂಚು ಎತ್ತರಿಸುವ ಸ್ಪ್ರಿಂಗ್ ಹಾಕಿಸಿದ್ದರು, ಲಿಫ್ಟ್ ಅನ್ನುತ್ತಾರಲ್ಲ, ಅದು. ಈಗ ಶಾಕ್‌ಗಳು ಎಣ್ಣೆ ಕಾರುತ್ತಿವೆ, ಟೈರುಗಳು ಅಲ್ಲಲ್ಲಿ ಗುಳಿಬಿದ್ದು ಸವೆದಿವೆ. ನಾಲ್ಕೂ ಬದಲಾಯಿಸಬೇಕು. ಮುಂದೆ ಎರಡು ಸ್ಟ್ರಟ್ (ಚಕ್ರವನ್ನೂ ಹಿಡಿದು ನಿಲ್ಲಿಸುವ ಶಾಕ್), ಹಿಂದೆ ಎರಡು ಮಾಮೂಲಿ ಶಾಕ್. ಇದೇನು ರಾಕೆಟ್ ಬಿಡುವ ಕೆಲಸ ಅಲ್ಲ, ಅಲ್ವಾ?

ಮಾರುವವರ ಪಟ್ಟಿ ತೆಗೆದರೆ ಕಂಪನಿ ಕೇಳುತ್ತದೆ, ಮಾಡೆಲ್ ಕೇಳುತ್ತದೆ, ವರ್ಷ ಕೇಳುತ್ತದೆ, ಇಂಜಿನ್ ಎಷ್ಟು ಲೀಟರ್ ಅಂತಲೂ ಕೇಳುತ್ತದೆ. ಶಾಕ್‌ಗೂ ಇಂಜಿನ್ ಲೀಟರ್‌ಗೂ ಏನು ಸಂಬಂಧವೋ. ಅದೆಲ್ಲ ತುಂಬಿದ ಮೇಲೆ ಬರುವ ಉತ್ತರ: "0ಯಿಂದ 2 ಇಂಚು ಲಿಫ್ಟ್‌ಗೆ ಹೊಂದುತ್ತದೆ."

ಸೊನ್ನೆಗೂ ಆಗುತ್ತದೆ, ಎರಡಕ್ಕೂ ಆಗುತ್ತದೆ! ಚಪ್ಪಲಿ ಅಂಗಡಿಯವನು ನಂಬರ್ ಹೇಳದೆ "ಮಕ್ಕಳಿಗೂ ಆಗುತ್ತೆ, ದೊಡ್ಡವರಿಗೂ ಆಗುತ್ತೆ, ತಗೊಳ್ಳಿ" ಅಂದರೆ ನೀವು ತಗೊಳ್ಳುತ್ತೀರಾ?

ಇದು ಯಾಕೆ ಇಷ್ಟು ಸಿಟ್ಟು ತರಿಸುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಎರಡು ಇಂಚು ಅಂದರೆ 51 ಮಿ.ಮೀ. ಗಾಡಿಯನ್ನು ಅಷ್ಟು ಎತ್ತರಿಸಿದರೆ, ಸುಮ್ನೆ ನಿಂತಿರುವಾಗಲೇ ಹಿಂದಿನ ಶಾಕ್‌ನ ರಾಡು ಹೆಚ್ಚುಕಡಿಮೆ ಅಷ್ಟು ಹೊರಗೆ ಬಂದಿರುತ್ತದೆ. ಶಾಕ್ ಓರೆಯಾಗಿ ಕೂತಿದ್ದರೆ ಸ್ವಲ್ಪ ಕಡಿಮೆ, ಇರಲಿ. ಹಳೇ ಉದ್ದದ ಶಾಕನ್ನೇ ಹಾಕಿದರೆ ಚಕ್ರ ಕೆಳಗೆ ಇಳಿಯುವುದಕ್ಕೆ ಉಳಿಯುವ ಜಾಗ ಅಷ್ಟು ಕಮ್ಮಿ. ಗುಂಡಿಗೆ ಚಕ್ರ ಇಳಿದ ತಕ್ಷಣ ಶಾಕ್ ಪೂರ್ತಿ ಎಳೆದುಕೊಂಡು ಢಣ್ ಅನ್ನುತ್ತದೆ. ಆಮೇಲೆ ಆಕ್ಸಲ್ಲಿನ ಪೂರ್ತಿ ಭಾರ ನೇತಾಡುವುದು ಶಾಕಿನ ಮೇಲೆ. ಲಿಫ್ಟ್ ಮಾಡಿಸಿಯೂ ಚಕ್ರ ಗಾಳಿಯಲ್ಲಿ.

"ಹಾಗಾದ್ರೆ ಉದ್ದದ್ದು ಹಾಕಿ ಸರ್." ಹಾಕಬಹುದು. ಅಲ್ಲಿಯೇ ಇರುವುದು ಕುತ್ತಿಗೆಗೆ ಬರುವ ವಿಷಯ. ಶಾಕ್ ಅಂದರೆ ಒಂದು ಕೊಳವೆ, ಅದರೊಳಗೆ ಒಂದು ರಾಡು. ರಾಡು ಉದ್ದವಾದರೆ ಅದು ಒಳಗೆ ಹೋಗಿ ಕೂರುವುದಕ್ಕೆ ಕೊಳವೆಯೂ ಉದ್ದ ಆಗಬೇಕು. ಒಂದು ಲೆಕ್ಕ ನೋಡಿ, ಸುಮ್ನೆ ಉದಾಹರಣೆಗೆ. ಒತ್ತಿದಾಗ 340 ಮಿ.ಮೀ., ಎಳೆದಾಗ 540. ಅಂದರೆ ಸ್ಟ್ರೋಕ್, ರಾಡು ಓಡಾಡುವ ದೂರ, 200. ಎರಡೂ ತುದಿಯಲ್ಲಿ ಬೋಲ್ಟ್ ಕೂರುವ ಕಣ್ಣು, ಪಿಸ್ಟನ್, ಸೀಲು ಎಲ್ಲ ಸೇರಿ 140 ಮಿ.ಮೀ. ಯಾವ ಕೆಲಸಕ್ಕೂ ಬಾರದ ಉದ್ದ. ಇದೇ ತರಹದ ಶಾಕನ್ನು ಎಳೆದಾಗ 590 ಬರುವ ಹಾಗೆ ಮಾಡಿದರೆ ಸ್ಟ್ರೋಕ್ 225 ಆಗುತ್ತದೆ, ಒತ್ತಿದಾಗಿನ ಉದ್ದ 365 ಆಗುತ್ತದೆ. ಕೆಳಗೆ 50 ಸಿಕ್ಕಿತು ಅಂತ ಖುಷಿಪಟ್ಟರೆ ಮೇಲೆ 25 ಕಳೆದುಹೋಯಿತು. ಈಗ ಚಕ್ರ ಮೇಲೆ ಬಂದಾಗ ಬಂಪ್ ಸ್ಟಾಪ್ ಅನ್ನುವ ರಬ್ಬರ್ ತಡೆ ಮುಟ್ಟುವ ಮೊದಲೇ ಶಾಕ್ ಪೂರ್ತಿ ಒತ್ತಿಹೋಗಿ ತಳ ಹೊಡೆಯಬಹುದು. ಹೊಡೆಯುತ್ತದೋ ಇಲ್ಲವೋ ಅನ್ನುವುದು ಆ ಎರಡು ಸಂಖ್ಯೆ ಇದ್ದರೆ ಮಾತ್ರ ಗೊತ್ತಾಗುವುದು. ಅದನ್ನೇ ಇವರು ಹೇಳುವುದಿಲ್ಲ.

ತಳ ಹೊಡೆದರೆ ಏನಾಗುತ್ತದೆ ಅನ್ನುವುದನ್ನು ನನ್ನ ಗಾಡಿಯ ಅಡಿಯಲ್ಲೇ ನೋಡಿದ್ದೇನೆ. ಹಿಂದಿನ ಬಲಗಡೆ, ಶಾಕಿನ ಕೆಳತುದಿ ಕೂರುವ ಬ್ರಾಕೆಟ್. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನ ಒಳಗೆ ತುಕ್ಕು. ಅಂದರೆ ನಿನ್ನೆ ಮೊನ್ನೆಯದಲ್ಲ. ಶಾಕಿನ ಕಣ್ಣಿನೊಳಗಿನ ಬುಷ್‌ನ ರಬ್ಬರ್ ಒಂದೇ ಬದಿಗೆ ಹಿಂಡಿ ಹೊರಬಂದಿತ್ತು. ಪಕ್ಕದಲ್ಲೇ ಬಂಪ್ ಸ್ಟಾಪ್ ಇತ್ತು. ಅದರ ಮುಖದ ಮೇಲೆ ಅಚ್ಚಿನ ಗೆರೆ ಕೂಡ ಅಳಿಸಿರಲಿಲ್ಲ! ಅದಕ್ಕೆ ಯಾವತ್ತೂ ಏಟೇ ಬಿದ್ದಿಲ್ಲ. ಅದು ತಿನ್ನಬೇಕಿದ್ದ ಏಟನ್ನೆಲ್ಲ ಶಾಕ್ ತಿಂದಿದೆ, ಶಾಕ್ ಅದನ್ನು ಬ್ರಾಕೆಟ್‌ಗೆ ಕೊಟ್ಟಿದೆ. ಯಾರೋ "ಲಿಫ್ಟ್‌ಗೆ ಅಂತಲೇ ಮಾಡಿದ್ದು" ಅಂತ ಮಾರಿದ ಶಾಕ್ ಅದು.

ಸರಿ, ಫೋನ್ ಮಾಡಿಯೇ ಕೇಳೋಣ ಅಂತ ಮಾಡಿದೆ.

"ಒತ್ತಿದಾಗ ಉದ್ದ ಎಷ್ಟು?"

"ನಿಮ್ಮ ಗಾಡಿ ಯಾವ ವರ್ಷದ್ದು ಸರ್?"

"ವರ್ಷ ಬಿಡಿ, ಗಾಡಿ ಎತ್ತರಿಸಿದೆ, ಉದ್ದ ಹೇಳಿ."

"ಫಿಟ್ ಆಗುತ್ತೆ ಸರ್."

"ಫಿಟ್ ಆಗೋದು ಬೋಲ್ಟು. ನಾನು ಕೇಳ್ತಿರೋದು ಉದ್ದ."

"ಸರ್, ಇದು ಹೆವಿ ಡ್ಯೂಟಿ, ಗ್ಯಾಸ್ ಶಾಕ್."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಫೋನ್ ಎತ್ತಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಪಾಪ. ಅವನ ಮುಂದೆ ಇರುವ ಪರದೆಯಲ್ಲೂ ಅದೇ ಡಬ್ಬದ ಅಳತೆ ಇದ್ದಿರಬೇಕು. ಆದರೆ ಗೋದಾಮಿನಲ್ಲಿ ಒಬ್ಬರಿಗೆ ಒಂದು ಟೇಪ್ ಕೊಟ್ಟು "ಹೋಗಿ ಅಳೆದು ಬಾ" ಅನ್ನಲಾರದ ಕಂಪನಿ ಅದು.

ಇನ್ನು ಈ "ಗ್ಯಾಸ್" ಅನ್ನುವುದನ್ನೂ ಮಂತ್ರದ ತರಹ ಹೇಳುತ್ತಾರೆ. ಯಾವ ಗ್ಯಾಸ್ ಶಾಕ್? ಒಂದರೊಳಗೊಂದು ಎರಡು ಕೊಳವೆ ಇರುವ ಟ್ವಿನ್ ಟ್ಯೂಬಾ, ಒಂದೇ ಕೊಳವೆಯ ಮೋನೋ ಟ್ಯೂಬಾ? ಟ್ವಿನ್ ಟ್ಯೂಬಿನಲ್ಲಿ ಗ್ಯಾಸ್ ಕಡಿಮೆ ಒತ್ತಡದಲ್ಲಿ, ಹೊರಗಿನ ಕೊಳವೆಯ ಮೇಲ್ಭಾಗದಲ್ಲಿ ಇರುತ್ತದೆ. ಮೋನೋ ಟ್ಯೂಬಿನಲ್ಲಿ ಜಾಸ್ತಿ ಒತ್ತಡ, ಎಣ್ಣೆ ಮತ್ತು ಗ್ಯಾಸ್ ಒಂದೇ ಕೊಳವೆಯಲ್ಲಿ, ನಡುವೆ ಒಂದು ತೇಲುವ ಪಿಸ್ಟನ್. ಬಿಸಿಯಾದರೂ ಬೇಗ ಸೋಲುವುದಿಲ್ಲ, ಅದು ನಿಜ. ಆದರೆ ಗ್ಯಾಸಿಗೂ ಅದೇ ಕೊಳವೆಯಲ್ಲಿ ಜಾಗ ಬೇಕಲ್ಲ, ಹಾಗಾಗಿ ಅಷ್ಟೇ ಸ್ಟ್ರೋಕಿಗೆ ಒತ್ತಿದಾಗಿನ ಉದ್ದ ಇನ್ನೂ ಹೆಚ್ಚಾಗುತ್ತದೆ. ಕಲ್ಲು ಬಡಿದು ಕೊಳವೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನೆಲ್ಲ ತೂಗಿ ನೋಡಿ ಆರಿಸೋಣ ಅಂದರೆ ಅವರು ಬರೆದಿರುವುದು "ಗ್ಯಾಸ್" ಮತ್ತು ಒಂದು ಮಿಂಚಿನ ಚಿತ್ರ.

"ಹೆವಿ ಡ್ಯೂಟಿ" ಇನ್ನೊಂದು ತಲೆನೋವು. ಮೆಕ್ಯಾನಿಕ್‌ಗಳೂ ಇದಕ್ಕೆ ತಾಳ ಹಾಕುತ್ತಾರೆ. "ದೊಡ್ಡ ಗಾಡಿದು ಹಾಕಿಬಿಡಿ ಸರ್, ಗಟ್ಟಿ ಇರುತ್ತೆ." ಎರಡು ಟನ್ನಿನ ಗಾಡಿಗೆ ಮಾಡಿದ ಶಾಕನ್ನು ಒಂದು ಟನ್ನಿನ ಗಾಡಿಗೆ ಹಾಕಿದರೆ ಏನಾಗುತ್ತದೆ? ಸ್ಪ್ರಿಂಗ್ ಒತ್ತಿಕೊಂಡ ಮೇಲೆ ಮತ್ತೆ ಬಿಚ್ಚಿಕೊಳ್ಳುವುದಕ್ಕೆ ಶಾಕ್ ಬಿಡುವುದೇ ಇಲ್ಲ. ಸಾಲಾಗಿ ಉಬ್ಬುತಗ್ಗು ಇರುವ ಮಣ್ಣು ರಸ್ತೆಯಲ್ಲಿ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಪ್ರತಿ ಉಬ್ಬಿಗೂ ಗಾಡಿ ಇನ್ನಷ್ಟು ಕುಸಿಯುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪ್ ಮೇಲೇ ಓಡುತ್ತದೆ. ಎರಡು ಇಂಚು ಎತ್ತರಿಸಿದ್ದು ಯಾರಿಗಾಗಿ? ಸ್ಪ್ರಿಂಗ್ ಗಟ್ಟಿ ಹಾಕಿದ್ದರೆ ರಿಬೌಂಡ್, ಅಂದರೆ ಬಿಚ್ಚಿಕೊಳ್ಳುವಾಗ ಶಾಕ್ ಕೊಡುವ ತಡೆ, ಕೂಡ ಒಂಚೂರು ಜಾಸ್ತಿ ಬೇಕು, ಒಪ್ಪುತ್ತೇನೆ. ಎಷ್ಟು ಬೇಕು ಅಂತ ನೋಡುವುದಕ್ಕೆ ವೇಗಕ್ಕೆ ಎಷ್ಟು ಬಲ ಅನ್ನುವ ಗ್ರಾಫ್ ಇರುತ್ತದೆ, ಶಾಕ್ ತಯಾರಿಸುವವರು ಡೈನೋ ಯಂತ್ರದಲ್ಲಿ ಅದನ್ನು ತೆಗೆಯುತ್ತಾರೆ. ಉದ್ದವನ್ನೇ ಹೇಳದವರ ಹತ್ತಿರ ಗ್ರಾಫ್ ಕೇಳುವ ಧೈರ್ಯ ನನಗಿಲ್ಲ.

ಇದರ ಮಧ್ಯೆ "ಲಿಫ್ಟ್ ಶಾಕ್ ಹಾಕಿದ್ರೆ ಗಾಡಿ ಎತ್ತರ ಆಗುತ್ತೆ" ಅನ್ನುವ ಪಂಡಿತರು ಬೇರೆ. ಗಾಡಿಯನ್ನು ಎತ್ತಿ ಹಿಡಿಯುವುದು ಸ್ಪ್ರಿಂಗ್, ಮಾರಾಯ. ಶಾಕ್ ಮಾಡುವುದು ಕುಣಿತ ನಿಲ್ಲಿಸುವ ಕೆಲಸ. ಮೋನೋ ಟ್ಯೂಬಿನ ಗ್ಯಾಸ್ ಒತ್ತಡಕ್ಕೆ ಒಂದಿಷ್ಟು ಎದ್ದರೆ ಎದ್ದೀತು, ಅದನ್ನು ಲಿಫ್ಟ್ ಅಂತ ಮಾರುವುದು ಮೂಗಿಗೆ ತುಪ್ಪ ಸವರುವ ಕೆಲಸ.

ಹಿಂದಿನದ್ದೇ ಇಷ್ಟು ಗೋಳು. ಮುಂದಿನ ಸ್ಟ್ರಟ್ ವಿಷಯಕ್ಕೆ ಬಂದರೆ ಪೂರ್ತಿ ತಲೆ ಚಿಟ್ಟು ಹಿಡಿಯುತ್ತದೆ. ಈ ಗಾಡಿಯಲ್ಲಿ ಸ್ಟ್ರಟ್ ಸುತ್ತ ಸ್ಪ್ರಿಂಗ್ ಇಲ್ಲ. ಸ್ಪ್ರಿಂಗ್ ಬೇರೆಯಾಗಿ, ಫ್ರೇಮಿಗೂ ಚಕ್ರ ಹಿಡಿದಿರುವ ಕೆಳಗಿನ ತೋಳಿಗೂ (ಲೋವರ್ ಆರ್ಮ್) ನಡುವೆ ಕೂತಿದೆ. ಇದನ್ನು ಮಾರುವವರಿಗೆ ವಿವರಿಸುವಷ್ಟರಲ್ಲಿ ನನ್ನ ಗಂಟಲ ಪಸೆ ಆರುತ್ತದೆ. "ಸ್ಪ್ರಿಂಗ್ ಸಮೇತ ಪೂರ್ತಿ ಅಸೆಂಬ್ಲಿ ಕಳಿಸ್ತೀವಿ ಸರ್" ಅನ್ನುತ್ತಾರೆ. ಎಲ್ಲಿಗೆ ಹಾಕಲಿ ಅದನ್ನು?

ಹಿಂದೆ ಉದ್ದ ಸಾಲದು ಅನ್ನುವ ಚಿಂತೆ. ಮುಂದೆ ಉದ್ದ ಜಾಸ್ತಿ ಆದರೆ ಅನ್ನುವ ಚಿಂತೆ. ಯಾಕೆಂದರೆ ಇಲ್ಲಿ ಚಕ್ರ ಎಷ್ಟು ಕೆಳಗಿಳಿಯಬಹುದು ಅಂತ ತಡೆದು ಹಿಡಿಯುವುದೇ ಸ್ಟ್ರಟ್. ಅದು ಬಿಟ್ಟಷ್ಟೂ ಚಕ್ರ ಇಳಿಯುತ್ತದೆ, ಚಕ್ರ ಇಳಿದಷ್ಟೂ ಅದಕ್ಕೆ ಇಂಜಿನ್ ಶಕ್ತಿ ತಲುಪಿಸುವ ಸಿವಿ ಜಾಯಿಂಟ್ ಬಾಗುತ್ತದೆ. ಲಿಫ್ಟ್ ಆದ ಗಾಡಿಯಲ್ಲಿ ಅದು ಮೊದಲೇ ಬಾಗಿದೆ. ಇನ್ನೂ ಬಾಗಿಸಿದರೆ ಜಾಯಿಂಟಿನ ರಬ್ಬರ್ ಬೂಟು ಹರಿಯುತ್ತದೆ, ಗ್ರೀಸು ಹಾರುತ್ತದೆ, ಮಣ್ಣು ಒಳಗೆ ಹೋಗುತ್ತದೆ, ಆಮೇಲೆ ತಿರುವಿನಲ್ಲಿ ಟಕ್ ಟಕ್ ಸಂಗೀತ. ತೋಳಿನ ತುದಿಯ ಬಾಲ್ ಜಾಯಿಂಟಿಗೂ ಒಂದು ಮಿತಿ ಇದೆ, ಬ್ರೇಕ್ ಹೋಸಿಗೂ ಇದೆ. ಸಿವಿ ಜಾಯಿಂಟಿನ ಬಾಗು ತಗ್ಗಲಿ ಅಂತಲೇ ಕೆಲವು ಲಿಫ್ಟ್ ಕಿಟ್‌ಗಳಲ್ಲಿ, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಮುಂದಿನ ಡಿಫರೆನ್ಷಿಯಲ್ ಅನ್ನೂ ಕೆಳಗಿಳಿಸುವ ಬ್ರಾಕೆಟ್ ಕೊಡುತ್ತಾರೆ.

"ಸ್ಟ್ರಟ್ ಮೇಲೆ ಒಂದು ಸ್ಪೇಸರ್ ಬಿಲ್ಲೆ ಇಡಿ, ಮುಗೀತು" ಅಂತ ಒಬ್ಬರು ಸಲಹೆ ಕೊಟ್ಟರು. ಮುಗಿಯುವುದಿಲ್ಲ. 25 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರ ಕೆಳಗೆ 25 ಹೆಚ್ಚು ಇಳಿಯುತ್ತದೆ, ನಿಜ. ಆದರೆ ಮೇಲೆ ಬರುವಾಗ ಸ್ಟ್ರಟ್ 25 ಮೊದಲೇ ತಳ ಮುಟ್ಟುತ್ತದೆ. ಅದಕ್ಕೆ ತಕ್ಕಂತೆ ಬಂಪ್ ಸ್ಟಾಪ್ ಉದ್ದ ಮಾಡಬೇಕು. ಇದನ್ನು ಸ್ಪೇಸರ್ ಪೊಟ್ಟಣದ ಮೇಲೆ ಯಾರಾದರೂ ಬರೆದಿದ್ದಾರಾ? ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲುವ ಓರೆ) ಹೊಂದಿಸಲು ಕೆಳಗಿನ ಬೋಲ್ಟ್ ತೂತು ಅಂಡಾಕಾರ ಇದೆಯೋ ದುಂಡಗಿದೆಯೋ ಅಂತಾದರೂ ಹೇಳಿದ್ದಾರಾ? ಇಲ್ಲ. ಮಿಂಚಿನ ಚಿತ್ರ ಇದೆ.

ನಾನು ನನ್ನ ಪಾಲಿನ ಕೆಲಸ ಮುಗಿಸಿದ್ದೇನೆ. ಹಿಂದಿನ ಸ್ಪ್ರಿಂಗ್ ಬಿಚ್ಚಿ, ಜ್ಯಾಕ್ ಇಟ್ಟು, ಆಕ್ಸಲ್ ಅನ್ನು ಬಂಪ್ ಸ್ಟಾಪಿಗೆ ತಾಗಿಸಿ, ಕಣ್ಣಿನಿಂದ ಕಣ್ಣಿಗೆ ಅಳೆದಿದ್ದೇನೆ. ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ ಮಾಡಿಯೂ ಅಳೆದಿದ್ದೇನೆ, ಓರೆಯಾದಾಗ ಲೆಕ್ಕ ಬೇರೆ ಬರುತ್ತದೆ ಅಂತ. ಬ್ರೇಕ್ ಹೋಸ್ ಎಲ್ಲಿ ಬಿಗಿಯಾಗುತ್ತದೆ ಅಂತ ಗುರುತು ಹಾಕಿದ್ದೇನೆ. ಎರಡೂ ಕಡೆ ಒಂದಿಷ್ಟು ಮಿಲಿಮೀಟರ್ ಬಿಟ್ಟು ನನಗೆ ಬೇಕಾದ ಉದ್ದ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಚೀಟಿಗೆ ಜೋಡಿ ಹುಡುಕಬೇಕು, ಅಷ್ಟೇ ಉಳಿದಿರುವುದು. ಗಾಡಿಯ ಅಡಿ ಮಲಗಿ ಮೈಕೈ ಗ್ರೀಸ್ ಮಾಡಿಕೊಂಡ ನನಗೆ ಸಿಗುವ ಅಳತೆ, ಮೇಜಿನ ಮೇಲೆ ಶಾಕ್ ಇಟ್ಟುಕೊಂಡ ಇವರಿಗೆ ಸಿಗುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೋ ಇಲ್ಲವೋ?

"ತರಿಸಿ, ಹಾಕಿ ನೋಡಿ ಸರ್, ಆಗದಿದ್ರೆ ವಾಪಸ್ ಮಾಡಿ" ಅಂದ ಒಬ್ಬ ಪುಣ್ಯಾತ್ಮ ಸಿಕ್ಕ. ಷರತ್ತು ಓದಿದೆ. ಬೋಲ್ಟಿನ ಗುರುತು ಬಿದ್ದರೆ ವಾಪಸ್ ಇಲ್ಲ. ಬೋಲ್ಟ್ ಹಾಕದೆ ಹಾಕಿ ನೋಡುವುದು ಹೇಗೆ ಅಂತ ಕೇಳಿ ಬರೆದಿದ್ದಕ್ಕೆ ಬಂದ ಉತ್ತರದಲ್ಲಿ ಒಂದು ನಗುಮುಖ ಇತ್ತು.

ಅದೇ ಷರತ್ತಿನ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ವಾರಂಟಿ ವಿವರ. ಹೆಸರಲ್ಲೇ ಲಿಫ್ಟ್ ಅಂತ ಹಾಕಿಕೊಂಡು, ಎರಡು ಇಂಚಿನ ತನಕ ಅಂತ ಡಂಗೂರ ಹೊಡೆದು ಮಾರುವ ಸಾಮಾನಿಗೆ ಇರುವ ನಾಲ್ಕನೇ ಷರತ್ತು: ಗಾಡಿಯ ಮೂಲ ಎತ್ತರ ಬದಲಿಸಿದ್ದರೆ ವಾರಂಟಿ ಅನ್ವಯಿಸುವುದಿಲ್ಲ.