ಸ್ಪಷ್ಟನೆ: ಸ್ಟೆಮ್ ಸೆಲ್ ಸಂಶೋಧನೆಗೆ ಗರ್ಭದಲ್ಲಿರುವ ಮಗುವನ್ನು ಕೊಲ್ಲುತ್ತಾರೆಯೇ?

‘ಸ್ಟೆಮ್ ಸೆಲ್ ಸಂಶೋಧನೆ ಅಂದರೆ ಹೊಟ್ಟೆಯಲ್ಲಿರುವ ಮಗುವನ್ನು ಕೊಲ್ಲುವುದು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಭ್ರೂಣದ ಸ್ಟೆಮ್ ಸೆಲ್‌ಗಳನ್ನು ಸಾಮಾನ್ಯವಾಗಿ ತೆಗೆಯುವುದು ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ) ಚಿಕಿತ್ಸೆಯಲ್ಲಿ ಉಳಿದ, ದಂಪತಿ ಒಪ್ಪಿ ಕೊಟ್ಟ ಭ್ರೂಣಗಳಿಂದ. ಅವು ಲ್ಯಾಬ್‌ನಲ್ಲಿ ಬೆಳೆದ ಐದಾರು ದಿನದ ಕೋಶಗಳ ಗುಂಪು, ಗರ್ಭ ಸೇರಿದವಲ್ಲ. ಆದರೆ ಕೋಶ ತೆಗೆದಾಗ ಸಾಮಾನ್ಯವಾಗಿ ಆ ಭ್ರೂಣ ಉಳಿಯುವುದಿಲ್ಲ. ಅದನ್ನೂ ಜೀವ ಎಂದು ನಂಬುವವರ ಮಾತನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ. ನಿಜವಾದ ಚರ್ಚೆ ನಡೆಯಬೇಕಾದದ್ದು ಇಲ್ಲೇ ಅಲ್ವಾ?

ಎಲ್ಲ ಸ್ಟೆಮ್ ಸೆಲ್‌ಗೂ ಭ್ರೂಣ ಬೇಕಿಲ್ಲ. ರಕ್ತದ ಕ್ಯಾನ್ಸರ್‌ಗೆ ಮಾಡುವ ಅಸ್ಥಿಮಜ್ಜೆ ಕಸಿಯಲ್ಲಿ ದಾನಿಯ ಅಥವಾ ರೋಗಿಯದೇ ಸ್ಟೆಮ್ ಸೆಲ್ ಬಳಸುತ್ತಾರೆ. 2006ರಲ್ಲಿ ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ ಅವರ ತಂಡ ಇಲಿಯ ಚರ್ಮದ ಕೋಶಗಳನ್ನೇ ಭ್ರೂಣದ ಸ್ಟೆಮ್ ಸೆಲ್‌ನಂತೆ ಬದಲಿಸಿತು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಇದು ಸಾಧ್ಯವಾಯಿತು.